ಶಿಶುವಿನ ಮಾತಿನ ಗ್ರಹಿಕೆ: ಕಣ್ಣು ಮತ್ತು ಕಿವಿ

ಆಡಿದ ಮಾತನ್ನು ಮನುಷ್ಯ ಕಿವಿಯಿಂದ ಕೇಳುವುದರ ಜೊತೆಗೆ ಆಡುವವರ ತುಟಿ, ದವಡೆ, ಕೆನ್ನೆ, ತಲೆಯಾಟಗಳಿಂದಲೂ ಗ್ರಹಿಸುತ್ತಾನೆ. ಗದ್ದಲದ ನಡುವೆ ಆಡುವವನ ಮುಖ ಕಂಡರೆ ಮಾತು ಎಷ್ಟು ಹೆಚ್ಚು ತಿಳಿಯುತ್ತದೆ ಎಂಬುದನ್ನು ಅಮೆರಿಕದ ಸಂಬಿ ಮತ್ತು ಪೊಲಾಕ್ 1954ರಲ್ಲಿಯೇ ಅಳೆದಿದ್ದರು. ಎಳೆಯ ಕೂಸುಗಳಲ್ಲಿ ಈ ಕೂಡುವಿಕೆ ಯಾವಾಗ ಶುರುವಾಗುತ್ತದೆ, ಅದರಲ್ಲಿ ಹುಟ್ಟುಗುಣವೆಷ್ಟು, ಮನೆಮಾತಿನ ಪಾಲೆಷ್ಟು ಎಂಬುದರ ಮೇಲೆ 1970ರ ದಶಕದಿಂದ ಸಂಶೋಧನೆ ನಡೆದಿದೆ. ಸದ್ದಿಗೂ ತುಟಿಗೂ ತಾಳ ಕೂಡುತ್ತಿದೆಯೇ ಎಂದು ಗುರುತಿಸುವ ಒರಟು ಶಕ್ತಿ ಕೂಸಿಗೆ ಬಹಳ ಬೇಗ ಬರುತ್ತದೆ. ಯಾವ ತುಟಿಗೆ ಯಾವ ಧ್ವನಿ ಎಂಬ ನಯದ ಲೆಕ್ಕವನ್ನು ಅದು ಸುತ್ತಲಿನವರು ಆಡುವ ಭಾಷೆಗಳಿಂದ ಕಲಿಯುತ್ತದೆ. ಪ್ರಯೋಗಗಳು ನಡೆದದ್ದು ಹೆಚ್ಚಾಗಿ ಯುರೋಪು, ಉತ್ತರ ಅಮೆರಿಕಗಳಲ್ಲಿ. ಆದರೆ ಒಂದೇ ಅಂಗಳದಲ್ಲಿ ಮೂರು ನಾಲ್ಕು ಭಾಷೆ ಸುಳಿಯುವ ಕಾಸರಗೋಡು ಜಿಲ್ಲೆಯನ್ನು ಎದುರಿಗಿಟ್ಟುಕೊಂಡು ಓದಿದರೆ ಅವುಗಳ ಅರ್ಥ ಹೆಚ್ಚು ಬಿಚ್ಚಿಕೊಳ್ಳುತ್ತದೆ.

ತುಟಿ ತೋರಿಸುವುದೆಷ್ಟು

ಕನ್ನಡ ವರ್ಣಮಾಲೆಯ ವರ್ಗೀಯ ವ್ಯಂಜನಗಳು ಗಂಟಲಿನಿಂದ ಹೊರಟು ತುಟಿಯಲ್ಲಿ ಮುಗಿಯುತ್ತವೆ. ಪ್ರಾಚೀನ ವೈಯಾಕರಣರು ಉಚ್ಚಾರದ ಸ್ಥಾನವನ್ನು ನೋಡಿ ಜೋಡಿಸಿದ ಈ ಕ್ರಮ, ಕೂಸಿನ ಕಣ್ಣಿಗೆ ಧ್ವನಿ ಎಷ್ಟು ಕಾಣುತ್ತದೆ ಎಂಬುದರ ಕ್ರಮವೂ ಬಹುಮಟ್ಟಿಗೆ ಹೌದು. ಕವರ್ಗ ಬಾಯಿಯ ಹಿಂಭಾಗದಲ್ಲಿ ಹುಟ್ಟುವುದರಿಂದ ಹೊರಗೆ ಏನೂ ಕಾಣದು. ಟವರ್ಗದಲ್ಲಿ ನಾಲಗೆ ಮೇಲಕ್ಕೆ ಮಡಚಿ ಮರೆಯಾಗುತ್ತದೆ. ತವರ್ಗದಲ್ಲಿ ನಾಲಗೆಯ ತುದಿ ಹಲ್ಲಿನ ನಡುವೆ ಅಷ್ಟಿಷ್ಟು ಇಣುಕುತ್ತದೆ. ಪವರ್ಗಕ್ಕೆ ಬಂದಾಗ ತುಟಿಗಳೆರಡೂ ಮುಚ್ಚಿ ತೆರೆಯುವುದು ಎಂಥ ಎಳೆಗಣ್ಣಿಗೂ ಕಾಣುವಷ್ಟು ಸ್ಪಷ್ಟ.

ಸ್ಪಷ್ಟವಾದರೂ ಅಪೂರ್ಣ. ಪ, ಬ, ಮ ಮೂರಕ್ಕೂ ತುಟಿಯ ಆಟ ಒಂದೇ. ಗಂಟಲಿನ ಕಂಪನ, ಮೂಗಿನ ಉಸಿರು ಕಣ್ಣಿಗೆ ಬೀಳುವುದಿಲ್ಲ. ಇದರ ಪರಿಣಾಮ ಕಾಸರಗೋಡಿನಲ್ಲಿ ಸ್ವಾರಸ್ಯಕರ. ಪುಸ್ತಕದ ಕನ್ನಡದಲ್ಲಿ ಅಮ್ಮ, ಅಪ್ಪ. ಹವ್ಯಕರ ಮನೆಯಲ್ಲಿ ತಾಯಿ ಅಬ್ಬೆ. ತುಳುವಿನಲ್ಲಿ ತಾಯಿ ಅಪ್ಪೆ, ತಂದೆ ಅಮ್ಮೆ. ದನಿ ತೆಗೆದು ತುಟಿಯನ್ನಷ್ಟೇ ನೋಡಿದರೆ ಅಬ್ಬೆ, ಅಪ್ಪೆ, ಅಮ್ಮೆಗಳನ್ನು ಪರಿಣತ ತುಟಿಯೋದುಗನೂ ಬೇರ್ಪಡಿಸಲಾರ. ಕಿವಿಯೊಂದೇ ಅಲ್ಲಿ ತೀರ್ಪು ಕೊಡಬೇಕು.

ಸ್ವರಗಳ ವಿಷಯ ಬೇರೆ. ಅವು ಮುಖದ ಮೇಲೆಯೇ ಬರೆದಿರುತ್ತವೆ: ಆ ಎಂದರೆ ದವಡೆ ಇಳಿಯುತ್ತದೆ, ಈ ಎಂದರೆ ತುಟಿ ಅಗಲವಾಗುತ್ತದೆ, ಊ ಎಂದರೆ ಉರುಟಾಗುತ್ತದೆ. ಕಾಸರಗೋಡಿನ ಭಾಷೆಗಳ ಒಂದು ದೊಡ್ಡ ವ್ಯತ್ಯಾಸ ಇಲ್ಲಿಯೇ ಇದೆ. ಕನ್ನಡದಲ್ಲಿ 'ಹಾಲು', 'ಬಂತು' ಎಂದು ನಿಧಾನವಾಗಿ ಆಡಿದಾಗ ಕೊನೆಗೆ ತುಟಿ ಉರುಟಾಗುತ್ತದೆ. ಮಲೆಯಾಳದಲ್ಲಿ ಪೂರ್ಣ ಉಕಾರದ ಜೊತೆಗೆ ತುಟಿ ಸಡಿಲ ಬಿಟ್ಟು ಉಚ್ಚರಿಸುವ ಸಂವೃತೋಕಾರವೂ ಇದೆ. 'ಬಂದನು' ಎಂಬರ್ಥದ 'ವನ್ನು'ವಿಗೂ 'ಬಂದು' ಎಂಬರ್ಥದ 'ವನ್ನ್'ಗೂ ಅಂತರ ಆ ಕೊನೆಯ ತುಟಿಯಲ್ಲಿದೆ. ತುಳುವಿಗೂ ಅಂಥ ಅರೆ ಉಕಾರವಿದೆ. ಅದರ ಮೇಲೆ ತುಳುವಿನಲ್ಲಿ ಎಕಾರ ಎರಡು ಬಗೆ. 'ನಾನು ಮಾಡುತ್ತೇನೆ', 'ಅವನು ಮಾಡುತ್ತಾನೆ' ಎರಡನ್ನೂ ಕನ್ನಡ ಲಿಪಿಯಲ್ಲಿ 'ಮಲ್ಪುವೆ' ಎಂದೇ ಬರೆಯುತ್ತೇವೆ, ಆದರೆ ಮೊದಲನೆಯದರಲ್ಲಿ ಬಾಯಿ ಹೆಚ್ಚು ತೆರೆಯುತ್ತದೆ. ಪಣಿಯಾಡಿಯವರು 1932ರ ತಮ್ಮ ತುಳು ವ್ಯಾಕರಣದಲ್ಲಿ ಈ ಬಿಚ್ಚುಬಾಯಿಯ ಎಕಾರಕ್ಕೆ ಬೇರೆ ಚಿಹ್ನೆಯನ್ನೇ ಬಳಸಿದರು. ಓದು ಬಾರದ ಕೂಸಿಗೆ ಲಿಪಿಯ ಈ ಕೊರತೆ ಬಾಧಿಸದು; ಅದು ನೇರವಾಗಿ ದವಡೆಯನ್ನೇ ನೋಡುತ್ತದೆ.

ಆಕಾರಕ್ಕಿಂತ ಮೊದಲು ಕೂಸಿನ ಕೈಗೆ ಸಿಗುವುದು ಕಾಲ. ಮಾತಿನ ಸದ್ದು ಏರಿಳಿಯುವ ಲಯವೂ ಬಾಯಿ ತೆರೆದು ಮುಚ್ಚುವ ಲಯವೂ ಸೆಕೆಂಡಿಗೆ ಸುಮಾರು 2ರಿಂದ 7 ಸಲದ ಮಿತಿಯಲ್ಲಿವೆ, ಬಾಯಿಯ ಚಲನೆ ಸದ್ದಿಗಿಂತ 100ರಿಂದ 300 ಮಿಲಿಸೆಕೆಂಡು ಮುಂಚೆ ಶುರುವಾಗುತ್ತದೆ ಎಂದು ಚಂದ್ರಮೌಳಿ ಚಂದ್ರಶೇಖರನ್ ಮತ್ತು ಸಂಗಡಿಗರು 2009ರಲ್ಲಿ ಲೆಕ್ಕ ಹಾಕಿದರು. ಅಂದರೆ ಬರಲಿರುವ ಧ್ವನಿಯ ಮುನ್ಸೂಚನೆ ಮುಖದ ಮೇಲೆ ಮೊದಲೇ ಮೂಡುತ್ತದೆ. ಏನು ಹೇಳುತ್ತಿದ್ದಾರೆ ಎಂದು ತಿಳಿಯದ ಕೂಸಿಗೂ ಯಾರು ಆಡುತ್ತಿದ್ದಾರೆ, ಪದದ ಅಲೆ ಎಲ್ಲಿ ಏಳುತ್ತದೆ ಎಂಬುದನ್ನು ಹಿಡಿಯಲು ಇಷ್ಟು ಸಾಕು.

ದನಿ ಎಲ್ಲಿಂದ ಬಂದರೂ ತಾಳಕ್ಕೆ ಸರಿಯಾಗಿ ಅಲುಗುವ ಮುಖದಿಂದಲೇ ಬಂತೆಂದು ದೊಡ್ಡವರ ಮಿದುಳೂ ನಂಬುತ್ತದೆ. ಕಾಸರಗೋಡಿನ ಶ್ರೀ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘದ ಆಟ ನೋಡಿದವರಿಗೆ ಇದು ಹೊಸದಲ್ಲ. ಅರ್ಥ ಹೇಳುವವರು ಮರೆಯಲ್ಲಿರುತ್ತಾರೆ, ಬೊಂಬೆ ತುಟಿ ಅಲುಗಿಸುವುದೂ ಇಲ್ಲ. ತಲೆ, ಕೈಗಳ ಚಲನೆ ಮಾತಿನ ಏರಿಳಿತಕ್ಕೆ ಕೂಡಿದ್ದರಿಂದಲೇ ಮಾತು ಬೊಂಬೆಯದೆನಿಸುತ್ತದೆ.

ಪ್ರಯೋಗಗಳ ಹಾದಿ

ಗರ್ಭದ ಕೊನೆಯ ಮೂರು ತಿಂಗಳಲ್ಲಿ ಕೂಸಿಗೆ ಕೇಳಿಸುತ್ತದೆ, ಆದರೆ ನೋಡಲು ಏನೂ ಇಲ್ಲ. ಆದ್ದರಿಂದ ಹುಟ್ಟುವಾಗ ಕಿವಿ ಕಣ್ಣಿಗಿಂತ ಕೆಲವು ತಿಂಗಳು ಮುಂದಿರುತ್ತದೆ. ನವಜಾತ ಶಿಶುಗಳು ತಾಯಿಯ ದನಿಯನ್ನು ಪರಕೀಯಳ ದನಿಗಿಂತ ಮೆಚ್ಚುತ್ತವೆ ಎಂದು ಡಿಕ್ಯಾಸ್ಪರ್ ಮತ್ತು ಫೈಫರ್ 1980ರಲ್ಲಿ ತೋರಿಸಿದರು. ಹುಟ್ಟಿದ ಬಳಿಕ ತಾಯಿಯ ದನಿ ಕೇಳಿಸದೆ ಮುಖ ಮಾತ್ರ ಕಂಡ ಕೂಸುಗಳು ಆ ಮುಖಕ್ಕೆ ವಿಶೇಷ ಒಲವು ತೋರಲಿಲ್ಲವೆಂದು 2005ರಲ್ಲಿ ಪ್ರಕಟವಾದ ಸಾಯಿ ಅವರ ಅಧ್ಯಯನ ಹೇಳುತ್ತದೆ. ಮುಖದ ಗುರುತು ದನಿಯ ಬೆನ್ನು ಹಿಡಿದು ಬರುತ್ತದೆ.

ನವಜಾತ ಶಿಶುವಿನ ದೃಷ್ಟಿ ಮಸುಕು. 20ರಿಂದ 30 ಸೆಂಟಿಮೀಟರ್ ದೂರದ ವಸ್ತು ಮಾತ್ರ ತಕ್ಕಮಟ್ಟಿಗೆ ಕಾಣುತ್ತದೆ. ಹಾಲೂಡುವಾಗಿನ ದೂರ ಅದೇ. ಕರಾವಳಿಯ ಬಾಣಂತನದಲ್ಲಿ ಕೂಸನ್ನು ಚಾಚಿದ ಕಾಲುಗಳ ಮೇಲೆ ಮಲಗಿಸಿ ಎಣ್ಣೆ ಹಚ್ಚಿ ಮೀಯಿಸುವ ಅಜ್ಜಿಯ ಮುಖ ಇನ್ನೂ ತುಸು ದೂರವಿದ್ದರೂ, ದಿನವೂ ಹೊತ್ತುಹೊತ್ತು ಮಾತು, ಹಾಡು, ಮುಖ ಮೂರೂ ಒಟ್ಟಿಗೆ ಸಿಗುವ ಸಂದರ್ಭ ಅದು.

ಈ ಕ್ಷೇತ್ರದ ಅತಿ ಪ್ರಸಿದ್ಧ ಫಲಿತಾಂಶ ಮಕ್ಕಳ ಅಧ್ಯಯನಕ್ಕೆಂದು ತಯಾರಿಸುತ್ತಿದ್ದ ಚಿತ್ರಗಳಿಂದ ಆಕಸ್ಮಿಕವಾಗಿ ಹೊರಬಂತು. ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯದಲ್ಲಿ ಹ್ಯಾರಿ ಮೆಕ್‌ಗರ್ಕ್ ಮತ್ತು ಜಾನ್ ಮ್ಯಾಕ್‌ಡೊನಾಲ್ಡ್ 'ಗ' ಎನ್ನುವ ತುಟಿಗೆ 'ಬ' ಎಂಬ ಸದ್ದು ಜೋಡಿಸಿದಾಗ ನೋಡುಗರಿಗೆ ಕೇಳಿಸಿದ್ದು 'ದ'. 1976ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ವಯಸ್ಕರ 98 ಶೇಕಡಾ ಉತ್ತರಗಳು ಹೀಗಿದ್ದವು. ಪುಟ್ಟ ಮಕ್ಕಳಲ್ಲಿ ಪರಿಣಾಮ ಕಡಿಮೆ. ಕಣ್ಣು ಮುಚ್ಚಿದರೆ 'ಬ', ತೆರೆದರೆ 'ದ'. ಇದಕ್ಕೆ ಮೆಕ್‌ಗರ್ಕ್ ಪರಿಣಾಮವೆಂದು ಹೆಸರಾಯಿತು. ಪಠ್ಯಪುಸ್ತಕಗಳು ಇದನ್ನು ಎಲ್ಲರಿಗೂ ಆಗುವ ಭ್ರಮೆಯೆಂದು ಹೇಳಿಬಿಡುತ್ತವೆ, ಅದು ಸರಿಯಲ್ಲ. ಕೆಲವರಿಗೆ ಈ ಭ್ರಮೆ ಯಾವಾಗಲೂ ಆಗುತ್ತದೆ, ಕೆಲವರಿಗೆ ಒಮ್ಮೆಯೂ ಆಗುವುದಿಲ್ಲ. ಜಪಾನೀ ಭಾಷಿಕರಲ್ಲಿ ಅದು ಇಂಗ್ಲಿಷ್ ಭಾಷಿಕರಿಗಿಂತ ದುರ್ಬಲವೆಂದು ಸೆಕಿಯಾಮಾ ಅವರ ಅಧ್ಯಯನಗಳು ತೋರಿಸಿವೆ.

ಶಿಶುಗಳನ್ನು ನೇರವಾಗಿ ಪರೀಕ್ಷಿಸಿದವರಲ್ಲಿ ಬಾರ್ಬರಾ ಡಾಡ್ ಮೊದಲಿಗರಲ್ಲೊಬ್ಬರು. 1979ರ ಅವರ ಪ್ರಯೋಗದಲ್ಲಿ 10ರಿಂದ 16 ವಾರದ ಕೂಸುಗಳು, ಶಿಶುಗೀತೆ ಹೇಳುವ ಮುಖಕ್ಕೂ ದನಿಗೂ 400 ಮಿಲಿಸೆಕೆಂಡು ಅಂತರವಿದ್ದಾಗ ಬೇಗ ಮುಖ ತಿರುಗಿಸಿದವು. ಮೂರು ವರ್ಷದ ಬಳಿಕ ಸಿಯಾಟಲ್‌ನ ಪೆಟ್ರೀಶಿಯಾ ಕೂಲ್ ಮತ್ತು ಆಂಡ್ರೂ ಮೆಲ್ಟ್‌ಜಾಫ್ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಇಂದಿಗೂ ಮಾದರಿ. 18ರಿಂದ 20 ವಾರದ 32 ಕೂಸುಗಳ ಮುಂದೆ ಒಬ್ಬಳೇ ಹೆಂಗಸಿನ ಎರಡು ಮುಖ, ಒಂದು 'ಆ' ಎನ್ನುತ್ತದೆ, ಇನ್ನೊಂದು 'ಈ' ಎನ್ನುತ್ತದೆ. ಸದ್ದು ನಡುವಿನಿಂದ, ಎರಡರಲ್ಲಿ ಒಂದು ಮಾತ್ರ. ಕೂಸುಗಳು ನೋಡಿದ ಹೊತ್ತಿನಲ್ಲಿ ಸುಮಾರು 74 ಶೇಕಡಾ ಸದ್ದಿಗೆ ಹೊಂದುವ ಮುಖದ ಪಾಲಾಯಿತು. ಸ್ವರವನ್ನು ಕಳಚಿ ಬರೀ ನಾದವನ್ನು ಕೇಳಿಸಿದಾಗ ಆ ಒಲವು ಮಾಯ. ಎರಡೂ ಮುಖಗಳು ಒಂದೇ ಕಾಲಕ್ಕೆ ಬಾಯಿ ತೆರೆಯುತ್ತಿದ್ದುದರಿಂದ ತಾಳವೊಂದರಿಂದಲೇ ಇದನ್ನು ವಿವರಿಸಲಾಗದು. ಕೆಲವು ಕೂಸುಗಳು ತಾವೂ ಆ ಸ್ವರಗಳನ್ನು ಉಲಿದವು. 1999 ಮತ್ತು 2003ರಲ್ಲಿ ಪ್ಯಾಟರ್ಸನ್ ಮತ್ತು ವರ್ಕರ್ ಇದೇ ಹೊಂದಿಕೆಯನ್ನು ಎರಡು ತಿಂಗಳ ಕೂಸುಗಳವರೆಗೆ ಇಳಿಸಿದರು.

ಮೆಕ್‌ಗರ್ಕ್ ಮಾದರಿಯ ಬೆರಕೆ ನಾಲ್ಕೂವರೆ, ಐದು ತಿಂಗಳಲ್ಲೇ ಇದೆಯೆಂದು ರೋಸೆನ್‌ಬ್ಲಮ್ (1997), ಬರ್ನ್‌ಹ್ಯಾಮ್ ಮತ್ತು ಡಾಡ್ (2004) ವಾದಿಸಿದರು. ಐದು ತಿಂಗಳ ಶಿಶುಗಳ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿದ ಕುಶ್ನೆರೆಂಕೊ ತಂಡಕ್ಕೆ (2008) ಕಂಡದ್ದೂ ಅದಕ್ಕೆ ಪುಷ್ಟಿ ಕೊಡುತ್ತದೆ: ಸದ್ದು, ತುಟಿ ಕೂಡಿ ಒಂದಾಗಬಲ್ಲ ಜೋಡಿಗೆ ಮಿದುಳು ತಕರಾರು ತೆಗೆಯಲಿಲ್ಲ, ಕೂಡದ ಜೋಡಿಗೆ ತೆಗೆಯಿತು. ಇಷ್ಟಾದರೂ ಎಚ್ಚರ ಬೇಕು. ಕೂಸು ಏನು ಕೇಳಿತೆಂದು ಹೇಳಲಾರದು. ಎತ್ತ ನೋಡಿತು, ಎಷ್ಟು ಹೊತ್ತು ನೋಡಿತು ಎಂಬುದರಿಂದ ನಾವು ಊಹಿಸಬೇಕು. ಒಂದೇ ಫಲಿತಾಂಶವನ್ನು ತಾಳದ ಗುರುತಿಸುವಿಕೆಯೆಂದೂ ಧ್ವನಿಜ್ಞಾನವೆಂದೂ ಓದಬಹುದೆಂದು ಶಾ ಮತ್ತು ಬೋರ್ಟ್‌ಫೆಲ್ಡ್ 2015ರಲ್ಲಿ ಎತ್ತಿದ ಆಕ್ಷೇಪಕ್ಕೆ ತೂಕವಿದೆ. ಶಾಲೆಗೆ ಹೋಗುವ ಮಕ್ಕಳಲ್ಲಿ ದೃಶ್ಯದ ಪ್ರಭಾವ ವಯಸ್ಕರಿಗಿಂತ ಕಡಿಮೆಯಿರುವುದನ್ನು ನೋಡಿದರೆ, ಎಲ್ಲವೂ ಹುಟ್ಟಿನಿಂದಲೇ ಸಿದ್ಧವಾಗಿತ್ತೆಂಬ ವಾದ ನಿಲ್ಲುವುದು ಕಷ್ಟ.

ಕಣ್ಣಿನಿಂದ ಬಾಯಿಗೆ

ಕೂಸು ಮುಖದ ಯಾವ ಭಾಗವನ್ನು ನೋಡುತ್ತದೆ ಎಂಬುದನ್ನು ಕಣ್ಣಿನ ಚಲನೆ ಅಳೆಯುವ ಯಂತ್ರದಿಂದ ತಿಳಿಯಲು ಸಾಧ್ಯವಾದ ಮೇಲೆ ಚಿತ್ರ ಹೆಚ್ಚು ಖಚಿತವಾಯಿತು. ಡೇವಿಡ್ ಲೆವ್ಕೊವಿಚ್ ಮತ್ತು ಆಮಿ ಹ್ಯಾನ್ಸೆನ್-ಟಿಫ್ಟ್ 2012ರಲ್ಲಿ ವರದಿ ಮಾಡಿದಂತೆ, ನಾಲ್ಕು ತಿಂಗಳ ಶಿಶು ಆಡುವವರ ಕಣ್ಣನ್ನು ಹೆಚ್ಚು ನೋಡುತ್ತದೆ. ಎಂಟು ತಿಂಗಳ ಹೊತ್ತಿಗೆ ನೋಟ ಬಾಯಿಗಿಳಿಯುತ್ತದೆ. 'ಬಬ್ಬಬ್ಬ', 'ದದ್ದದ್ದ' ಎಂದು ತೊದಲಲು ಶುರುವಾಗುವ ಕಾಲವೂ ಅದೇ. ತನ್ನ ಬಾಯಿಂದ ಬರಬೇಕಾದ್ದನ್ನು ಎದುರಿನ ಬಾಯಲ್ಲಿ ಹುಡುಕುತ್ತದೆ ಎಂಬ ವಿವರಣೆ ಸಹಜವೆನಿಸುತ್ತದೆ. ಒಂದು ವರ್ಷಕ್ಕೆ ಬರುವಾಗ ಮನೆಮಾತು ಆಡುವವರಲ್ಲಿ ನೋಟ ಮತ್ತೆ ಕಣ್ಣಿನತ್ತ ಹೊರಳುತ್ತದೆ, ಪರಭಾಷೆ ಆಡಿದರೆ ಬಾಯಲ್ಲೇ ನಿಲ್ಲುತ್ತದೆ.

ಇದೇ ವಯಸ್ಸಿನಲ್ಲಿ ಇನ್ನೊಂದು ಬದಲಾವಣೆ ನಡೆಯುತ್ತದೆ: ಬೇಡದ ಭೇದಗಳನ್ನು ಕೂಸು ಬಿಟ್ಟುಕೊಡುತ್ತದೆ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಂಗ್ಲಿಷ್ ಮನೆಗಳ ಆರರಿಂದ ಎಂಟು ತಿಂಗಳ ಕೂಸುಗಳು ಹಿಂದಿಯ ತ, ಟ ಭೇದವನ್ನು ಗುರುತಿಸಿದವು; ಹತ್ತು ಹನ್ನೆರಡು ತಿಂಗಳಿಗೆ ಆ ಶಕ್ತಿ ಹೋಗಿತ್ತು. ಕನ್ನಡಿಗರಿಗೆ ಹುಟ್ಟಿನಿಂದ ಬಂದದ್ದೆನಿಸುವ ತ–ಟ, ನ–ಣ, ಲ–ಳ ಭೇದಗಳು ನಿಜವಾಗಿ ಮನೆಯ ಬಳಕೆ ಉಳಿಸಿಕೊಟ್ಟದ್ದು. ಮಲೆಯಾಳದ ಮನೆಯಲ್ಲಿ ಬೆಳೆಯುವ ಕೂಸಿಗೆ ಉಳಿಸಿಕೊಳ್ಳಬೇಕಾದ್ದು ಇನ್ನೂ ಹೆಚ್ಚು: ಹಲ್ಲಿನ ನಕಾರದ ಪಕ್ಕದಲ್ಲಿ ವಸಡಿನ ನಕಾರ, ಜೊತೆಗೆ ಕನ್ನಡ ಎಂದೋ ಬಿಟ್ಟುಬಿಟ್ಟ ೞಕಾರ. ಇವೆಲ್ಲ ಬಾಯೊಳಗಿನ ಭೇದಗಳಾದ್ದರಿಂದ ತುಟಿಯ ನೆರವು ಅಲ್ಪ.

ಕಣ್ಣು–ಕಿವಿಯ ಹೊಂದಿಕೆಯೂ ಹೀಗೆಯೇ ಕಿರಿದಾಗುತ್ತದೆ. ಸ್ಪ್ಯಾನಿಷ್‌ನಲ್ಲಿ ಬ, ವ ಭೇದವಿಲ್ಲ. ಫೆರಾನ್ ಪೊನ್ಸ್ ಮತ್ತು ಸಂಗಡಿಗರ 2009ರ ಪ್ರಯೋಗದಲ್ಲಿ ಆರು ತಿಂಗಳ ಸ್ಪ್ಯಾನಿಷ್ ಕೂಸುಗಳು ಬ, ವ ಧ್ವನಿಗಳನ್ನು ಸರಿಯಾದ ತುಟಿಗೆ ಹೊಂದಿಸಿದವು, ಹನ್ನೊಂದು ತಿಂಗಳಿಗೆ ಸೋತವು; ಇಂಗ್ಲಿಷ್ ಕೂಸುಗಳು ಸೋಲಲಿಲ್ಲ. ಬಾಯಿಯದೇ ಸ್ಪರ್ಶಜ್ಞಾನವೂ ಈ ಆಟದಲ್ಲಿದೆ ಎನ್ನುವುದಕ್ಕೆ 2015ರ ಒಂದು ಪುರಾವೆ ಇದೆ. ವರ್ಕರ್ ಅವರ ಪ್ರಯೋಗಾಲಯದಲ್ಲಿ ಆರು ತಿಂಗಳ ಕೂಸುಗಳ ಬಾಯಲ್ಲಿ ನಾಲಗೆಯ ತುದಿ ಅಲುಗದಂತೆ ತಡೆಯುವ ಚಪ್ಪಟೆ ಆಟಿಕೆಯಿಟ್ಟಾಗ, ಅವಕ್ಕೆ ಹಿಂದಿಯ ದ, ಡ ಭೇದ ತಿಳಿಯದಾಯಿತು.

ಹಲವು ಭಾಷೆಗಳ ಮನೆ

ಕಾಸರಗೋಡು 1956ರ ನವೆಂಬರ್ 1ರವರೆಗೆ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಭಾಗ, ಆಮೇಲೆ ಕೇರಳ, ಜಿಲ್ಲೆಯಾದದ್ದು 1984ರ ಮೇ 24ರಂದು. ಸಪ್ತಭಾಷಾ ಸಂಗಮಭೂಮಿ ಎಂಬ ಬಿರುದು ಸಭೆಗಳಲ್ಲಿ ಸವೆದಿದೆಯಾದರೂ ಸುಳ್ಳಲ್ಲ. ಮಲೆಯಾಳ ಬಹುಸಂಖ್ಯಾತರ ಭಾಷೆ. ಚಂದ್ರಗಿರಿ ಹೊಳೆಯ ಉತ್ತರಕ್ಕೆ, ಕುಂಬಳೆ, ಬದಿಯಡ್ಕ, ಪೆರ್ಲ, ಮಂಜೇಶ್ವರಗಳತ್ತ, ತುಳು, ಕನ್ನಡ, ಬ್ಯಾರಿ, ಕೊಂಕಣಿ, ಮರಾಠಿಗಳು ಹೆಣೆದುಕೊಂಡಿವೆ. ಮನೆಯಲ್ಲಿ ಹವ್ಯಕ ಕನ್ನಡ, ತೋಟದ ಕೆಲಸದವರೊಡನೆ ತುಳು, ಅಂಗಡಿ, ಬಸ್ಸು, ಕಚೇರಿಗಳಲ್ಲಿ ಮಲೆಯಾಳ, ಶಾಲೆಯಲ್ಲಿ ಪುಸ್ತಕದ ಕನ್ನಡ ಎಂಬುದು ಇಲ್ಲಿ ಯಾರೂ ಹುಬ್ಬೇರಿಸದ ದಿನಚರಿ. ಕೂಸಿನ ಪಾಲಿಗೆ ಭಾಷೆಗಳು ಮುಖಗಳಾಗಿ ಬರುತ್ತವೆ. ಅಜ್ಜಿಯ ಮುಖಕ್ಕೆ ಒಂದು ಮಾತು, ನೆರೆಮನೆಯಾಕೆಯ ಮುಖಕ್ಕೆ ಇನ್ನೊಂದು, ಅಪ್ಪನ ಮುಖಕ್ಕೆ ಎರಡೂ.

ಇಂಥ ಕೂಸುಗಳ ಬಗ್ಗೆ ಹೊರಗಿನ ಸಂಶೋಧನೆ ಹೇಳುವುದು ಕುತೂಹಲಕರ. ವ್ಯಾಂಕೂವರಿನಲ್ಲಿ ವೈಕಮ್ ಮತ್ತು ಸಂಗಡಿಗರು 2007ರಲ್ಲಿ ದನಿಯಿಲ್ಲದ ಚಿತ್ರಗಳನ್ನು ತೋರಿಸಿದಾಗ, ನಾಲ್ಕು ಮತ್ತು ಆರು ತಿಂಗಳ ಕೂಸುಗಳೆಲ್ಲ ಇಂಗ್ಲಿಷ್ ಆಡುವ ಮುಖ ಫ್ರೆಂಚಿಗೆ ಬದಲಾದದ್ದನ್ನು ಬರೀ ನೋಟದಿಂದ ಹಿಡಿದವು. ಎಂಟು ತಿಂಗಳಿಗೆ ಆ ಶಕ್ತಿ ಉಳಿದದ್ದು ಎರಡೂ ಭಾಷೆಯ ಮನೆಗಳಲ್ಲಿ ಬೆಳೆಯುತ್ತಿದ್ದವಕ್ಕೆ ಮಾತ್ರ. ಬಾರ್ಸಿಲೋನಾದ ಸ್ಪ್ಯಾನಿಷ್–ಕ್ಯಾಟಲಾನ್ ಕೂಸುಗಳು ಇಂಗ್ಲಿಷ್, ಫ್ರೆಂಚ್ ಎರಡನ್ನೂ ಕೇಳಿ ಅರಿಯದಿದ್ದರೂ ಎಂಟು ತಿಂಗಳಿನಲ್ಲಿ ಆ ಭೇದ ಕಂಡವು ಎಂದು 2012ರಲ್ಲಿ ನೂರಿಯಾ ಸೆಬಾಸ್ಟಿಯನ್-ಗಯೆಸ್ ತಂಡ ವರದಿ ಮಾಡಿತು. ಹಾಗಾದರೆ ಉಳಿದದ್ದು ಯಾವುದೋ ಎರಡು ಭಾಷೆಗಳ ಪರಿಚಯವಲ್ಲ, ಮುಖವನ್ನು ಗಮನವಿಟ್ಟು ನೋಡುವ ಅಭ್ಯಾಸ. ಪೊನ್ಸ್, ಬೋಷ್, ಲೆವ್ಕೊವಿಚ್ 2015ರಲ್ಲಿ ಕಂಡದ್ದೂ ಅದೇ ದಿಕ್ಕಿನದು: ಎರಡು ಭಾಷೆಯ ಕೂಸುಗಳ ನೋಟ ಬಾಯಿಗೆ ಬೇಗ ಇಳಿಯುತ್ತದೆ, ಹನ್ನೆರಡು ತಿಂಗಳಾದರೂ ಅಲ್ಲಿಯೇ ಉಳಿಯುತ್ತದೆ. ಎರಡು ಭಾಷೆಗಳು ಹತ್ತಿರದವಾದಷ್ಟೂ ಬಾಯಿಯ ಮೇಲಿನ ಗಮನ ಹೆಚ್ಚು ಎಂದು ಬಿರುಲೆಸ್ ಮತ್ತು ಸಂಗಡಿಗರ 2019ರ ಅಧ್ಯಯನ ಸೇರಿಸಿತು.

ಕನ್ನಡ, ತುಳು, ಮಲೆಯಾಳ ಮೂರೂ ದ್ರಾವಿಡ. ಪದ, ಪ್ರತ್ಯಯ, ವಾಕ್ಯದ ಕಟ್ಟು ಒಂದನ್ನೊಂದು ಹೋಲುತ್ತವೆ. ಬಾರ್ಸಿಲೋನಾದ ತರ್ಕವನ್ನು ಇಲ್ಲಿಗೆ ತಂದರೆ, ಮೇಲೆ ಹೇಳಿದ ಉರುಟು ಉಕಾರ, ಸಡಿಲ ಉಕಾರ, ಬಿಚ್ಚುಬಾಯಿಯ ಎಕಾರಗಳು ಈ ಹತ್ತಿರದ ಭಾಷೆಗಳನ್ನು ಬೇರ್ಪಡಿಸಲು ಮುಖದ ಮೇಲೆ ಸಿಗುವ ಸುಳಿವುಗಳಾಗುತ್ತವೆ. ಹಲವು ಭಾಷೆ ಕಿವಿಗೆ ಬಿದ್ದರೆ ಕೂಸಿಗೆ ಗೊಂದಲವಾಗಿ ಮಾತು ತಡವಾಗುತ್ತದೆ ಎಂದು ಹೆದರಿ ಮನೆಮಾತನ್ನೇ ಕೈಬಿಡುವ ತಂದೆತಾಯಿಗಳಿಗೆ ಈ ಅಧ್ಯಯನಗಳಲ್ಲಿ ಯಾವ ಆಧಾರವೂ ಸಿಗದು.

ಪರದೆಯ ಮುಖ

ಅಪ್ಪ ಕೊಲ್ಲಿ ದೇಶದಲ್ಲಿ ದುಡಿಯುವ ಮನೆಗಳು ಕಾಸರಗೋಡಿನಲ್ಲಿ ಬಹಳ. ಅಲ್ಲಿನ ಕೂಸು ಅಪ್ಪನನ್ನು ಮೊದಲು ಕಾಣುವುದು ಫೋನಿನ ಪರದೆಯಲ್ಲಿ. ಕರೆ ತಡವರಿಸಿದಾಗ ತುಟಿ, ದನಿಗಳ ತಾಳ ತಪ್ಪುತ್ತದೆ. ಒಂದೊಂದೇ ಅಕ್ಷರ ಉಚ್ಚರಿಸುವ ಮುಖಗಳನ್ನು ತೋರಿಸಿದ ಲೆವ್ಕೊವಿಚ್ (2010), ನಾಲ್ಕರಿಂದ ಹತ್ತು ತಿಂಗಳ ಕೂಸುಗಳು 666 ಮಿಲಿಸೆಕೆಂಡಿನ ಅಂತರವನ್ನು ಗುರುತಿಸಿದರೂ 366ರ ಅಂತರವನ್ನು ಗುರುತಿಸಲಿಲ್ಲವೆಂದು ಕಂಡರು. ವಯಸ್ಕರಿಗೆ ಕಿರಿಕಿರಿಯಾಗುವ ಎಷ್ಟೋ ತಡವನ್ನು ಕೂಸು ಕ್ಷಮಿಸುತ್ತದೆ. ಅದಕ್ಕಿಂತ ದೊಡ್ಡ ಸಂಗತಿ ಮಾರುತ್ತರ. 2003ರಲ್ಲಿ ಕೂಲ್ ತಂಡ ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳಿಗೆ ಚೀನೀ ಭಾಷೆ ಕೇಳಿಸಿದಾಗ, ಎದುರು ಕೂತು ಆಡಿದವರಿಂದ ಅವು ಧ್ವನಿಭೇದ ಕಲಿತವು. ಅದೇ ಜನರ, ಅದೇ ಮಾತಿನ ಟಿವಿ ಚಿತ್ರದಿಂದ ಏನೂ ಕಲಿಯಲಿಲ್ಲ. ಎರಡು ವರ್ಷ ದಾಟಿದ ಮಕ್ಕಳು ವಿಡಿಯೋ ಕರೆಯಿಂದ ಹೊಸ ಪದ ಕಲಿಯಬಲ್ಲವು, ಧ್ವನಿಮುದ್ರಿತ ಚಿತ್ರದಿಂದ ಕಲಿಯಲಾರವು ಎಂದು ರೋಸ್‌ಬೆರಿ ಮತ್ತಿತರರು 2014ರಲ್ಲಿ ತೋರಿಸಿದರು. ಮಗುವಿನ ಉಲಿಗೆ ಉಲಿ ಕೊಡುವ ಅಪ್ಪನ ಕರೆಯನ್ನೂ ಕಾರ್ಟೂನನ್ನೂ ಒಂದೇ ತಕ್ಕಡಿಯಲ್ಲಿಡುವುದು ಸರಿಯಲ್ಲ.

ಒಂದು ಇಂದ್ರಿಯ ಕೈಕೊಟ್ಟಾಗ

ಹುಟ್ಟುಕುರುಡು ಮಕ್ಕಳು ಮಾತು ಕಲಿಯುತ್ತವೆ. ಆದರೆ ಕಣ್ಣಿಗೆ ಕಾಣುವ ತುಟಿಯ ಧ್ವನಿಗಳಲ್ಲಿ ಅವು ಇತರ ಮಕ್ಕಳಿಗಿಂತ ಹೆಚ್ಚು ತಪ್ಪುತ್ತವೆಂದು ಜರ್ಮನ್ ಮಕ್ಕಳನ್ನು ಗಮನಿಸಿದ ಆನ್ ಮಿಲ್ಸ್ 1987ರಲ್ಲಿ ಬರೆದರು. ಹುಟ್ಟಿನಲ್ಲೇ ಎರಡೂ ಕಣ್ಣಿಗೆ ಪೊರೆಯಿದ್ದು ಆಮೇಲೆ ಶಸ್ತ್ರಚಿಕಿತ್ಸೆಯಾದವರು ದೊಡ್ಡವರಾದ ಮೇಲೂ ತುಟಿಯ ನೋಟದಿಂದ ಇತರರಷ್ಟು ಲಾಭ ಪಡೆಯುವುದಿಲ್ಲ (ಪುಟ್ಸರ್ ಮತ್ತಿತರರು, 2007).

ಕಿವಿಯ ಕಡೆಯ ಲೆಕ್ಕವೂ ಅಷ್ಟೇ ಕಟ್ಟುನಿಟ್ಟು. ಹುಟ್ಟುಕಿವುಡಿದ್ದು ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆಯಿಂದ ಒಳಗಿವಿಗೆ ಅಳವಡಿಸುವ ಶ್ರವಣ ಸಾಧನ) ಪಡೆದ ಮಕ್ಕಳಲ್ಲಿ ಮೆಕ್‌ಗರ್ಕ್ ಮಾದರಿಯ ಬೆರಕೆ ಸ್ಥಿರವಾಗಿ ಕಂಡದ್ದು ಎರಡೂವರೆ ವರ್ಷದೊಳಗೆ ಇಂಪ್ಲಾಂಟ್ ಆದವರಲ್ಲಿ. ತಡವಾದವರು ಹೆಚ್ಚಾಗಿ ತುಟಿಯನ್ನೇ ನಂಬಿದರು ಎಂಬುದು ಶೋರ್ ಮತ್ತು ಸಂಗಡಿಗರ 2005ರ ನಿಷ್ಕರ್ಷೆ. ಕೇರಳ ಸರಕಾರದ 'ಶ್ರುತಿತರಂಗಂ' ಯೋಜನೆ ಐದು ವರ್ಷದೊಳಗಿನ ಮಕ್ಕಳಿಗೆ ಈ ಶಸ್ತ್ರಚಿಕಿತ್ಸೆಗೆ ನೆರವು ಕೊಡುತ್ತ ಬಂದಿದೆ. ವಾಕ್–ಶ್ರವಣ ತರಬೇತಿಗೆ ಕಾಸರಗೋಡಿನ ಕುಟುಂಬಗಳಿಗೆ ಹತ್ತಿರದಲ್ಲಿ ಮಂಗಳೂರಿನ ಕಾಲೇಜುಗಳೂ ಇವೆ; ಕನ್ನಡದ ಮಕ್ಕಳಿಗೆ ಪರೀಕ್ಷೆ, ಚಿಕಿತ್ಸೆಯ ಸಾಮಗ್ರಿ ರೂಪಿಸಿದ ಹಿರಿಯ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ.

ತರಬೇತಿಯಲ್ಲಿ ಒಂದು ಹಳೆಯ ಜಗಳವಿದೆ. ಕಿವಿಗೆ ಕೆಲಸ ಕೊಡಬೇಕೆಂದು ಶಿಕ್ಷಕಿ ಅಂಗೈಯಿಂದಲೋ ಕಾಗದದಿಂದಲೋ ಬಾಯಿ ಮರೆಮಾಡಿ ಆಡುವ ಪದ್ಧತಿ ಶ್ರವಣ–ವಾಚಿಕ ಚಿಕಿತ್ಸೆಯಲ್ಲಿ ಬಹುಕಾಲ ನಡೆಯಿತು. ತುಟಿ ಕಂಡರೆ ಮಗು ಕೇಳುವ ಗೋಜಿಗೇ ಹೋಗದೆಂಬ ಭಯ ಅದರ ಹಿಂದಿತ್ತು. ಆ ಭಯ ಪೂರ್ತಿ ಆಧಾರವಿಲ್ಲದ್ದೆನ್ನಲಾಗದು. ತಡವಾಗಿ ಇಂಪ್ಲಾಂಟ್ ಆದ ಮಕ್ಕಳು ತುಟಿಯನ್ನೇ ನೆಚ್ಚಿದ್ದನ್ನು ಮೇಲೆ ನೋಡಿದೆವು. ಆದರೆ ಕೇಳುವ ಕೂಸುಗಳೇ ಎಂಟು ತಿಂಗಳಲ್ಲಿ ಬಾಯಿಯನ್ನು ಹುಡುಕಿಕೊಂಡು ಹೋಗುವಾಗ, ಮಂದವಾಗಿ ಕೇಳುವ ಕೂಸಿನಿಂದ ಅದನ್ನು ಮರೆಮಾಡುವುದರಲ್ಲಿ ನ್ಯಾಯ ಕಾಣುವುದಿಲ್ಲ. ಕೈ ಅಡ್ಡ ಹಿಡಿಯುವ ರೂಢಿ ಈಗ ಸಡಿಲವಾಗಿದೆ. ಮಗುವಿನ ಪಕ್ಕದಲ್ಲಿ ಕೂತು, ಮೊದಲು ಸದ್ದು ಕೇಳಿಸಿ, ಆಮೇಲೆ ಮುಖ ತೋರಿಸುವ ಕ್ರಮ ಅದರ ಜಾಗಕ್ಕೆ ಬಂದಿದೆ.